ಡಕ್ಟ್ ಏಸಿ, ಮೂರು ಮಳೆಗಾಲದ ಬಳಿಕ: ಮೆಷಿನ್‌ಗೆ ನಾಲ್ಕು ಸ್ಟಾರ್, ಫಿಟ್ಟಿಂಗ್‌ಗೆ ಒಂದೂವರೆ

ಚಿಕ್ಕಮಗಳೂರಲ್ಲಿ ಏಸಿ ಯಾಕೆ ಅಂತ ಕೇಳುವವರು ಜುಲೈನಲ್ಲಿ ಇಲ್ಲಿ ಬಟ್ಟೆ ಒಣಹಾಕಿದವರಲ್ಲ. ಸೀಲಿಂಗ್ ಮೇಲಿನ ಕೊಳವೆಗಳಲ್ಲಿ (ಡಕ್ಟ್) ಎಲ್ಲ ಕೋಣೆಗೂ ಗಾಳಿ ಹಂಚುವ ಈ ಎರಡು ಟನ್‌ನ ಹಾಟ್ ಅಂಡ್ ಕೋಲ್ಡ್ ಮೆಷಿನ್ ಏಪ್ರಿಲ್ ಸೆಕೆಗಿಂತ ಮಳೆಗಾಲದಲ್ಲಿ, ತೇವ ತೆಗೆಯುವ ಡ್ರೈ ಮೋಡ್‌ನಲ್ಲೇ ಹೆಚ್ಚು ಸುಖ ಕೊಡುತ್ತದೆ. ಸಂಜೆ ಕಿಟಕಿ ಮುಚ್ಚಿ, ಬೀರು ತೆರೆದಿಟ್ಟು ಎರಡು ಗಂಟೆ ಓಡಿಸಿದರೆ ರೇಷ್ಮೆ ಸೀರೆಗೂ ಬೂಷ್ಟಿಲ್ಲ, ಚಪ್ಪಲಿಗೂ ಇಲ್ಲ.

ತಕರಾರು ಗಾಳಿ ಹಂಚಿಕೆಯದು. ಹಾಲ್‌ನಲ್ಲಿ ಸ್ವೆಟರ್ ಬೇಕು, ಮಹಡಿ ಕೋಣೆಯಲ್ಲಿ ಬೆವರು. ಫಿಟ್ಟರ್‌ಗಳ ಸಿದ್ಧ ಉತ್ತರ "ಟನ್ ಸಾಲ್ದು ಸಾರ್". ಸುಳ್ಳು. ಟನ್ನಿಗೆ ಸುಮಾರು 400 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ) ಲೆಕ್ಕ. ಎರಡು ಟನ್ನಿನ 800 ಈ ಮನೆಗೆ ಧಾರಾಳ. ಹತ್ತಿರದ ದಾರಿ ಸಲೀಸಾದ್ದರಿಂದ ಗಾಳಿಯೆಲ್ಲ ಹಾಲ್‌ನಲ್ಲೇ ಸುರಿದುಹೋಗುತ್ತದೆ, ಅಷ್ಟೇ.

ಫಿಲ್ಟರ್ ತೊಳೆದು, ಎಲ್ಲ ಡ್ಯಾಂಪರ್ (ಡಕ್ಟ್ ಒಳಗೆ ಗಾಳಿಯನ್ನು ಹೆಚ್ಚು ಕಮ್ಮಿ ಮಾಡುವ ಮುಚ್ಚಳ) ಪೂರ್ತಿ ತೆರೆದು, ಬ್ಲೋವರ್ ಹೈನಲ್ಲಿಟ್ಟು ಪ್ರತಿ ಗ್ರಿಲ್‌ಗೂ ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಹಿಡಿಯಿರಿ. ಗಾಳಿ ತೀರಾ ಕಮ್ಮಿ ಇರುವ ದೂರದ ಕೋಣೆಯದನ್ನು ಮುಟ್ಟಬೇಡಿ, ಹತ್ತಿರದವನ್ನು ಚೂರುಚೂರೇ ಮುಚ್ಚುತ್ತ ಬನ್ನಿ. ಒಂದನ್ನು ತಿರುಗಿಸಿದರೆ ಉಳಿದವೂ ಬದಲಾಗುತ್ತವೆ, ಹಾಗಾಗಿ ಎರಡು ಮೂರು ಸುತ್ತು ಬೇಕೇ ಬೇಕು. ಗ್ರಿಲ್‌ನ ರೆಕ್ಕೆ ಮುಚ್ಚಿ ಕೆಲಸ ಮುಗಿಸಿದರೆ ರಾತ್ರಿಯಿಡೀ ಸಿಳ್ಳೆ. ಡ್ಯಾಂಪರ್‌ಗಳನ್ನು ಅತಿಯಾಗಿ ಮುಚ್ಚಿದರೆ ಕೂಲಿಂಗ್‌ನಲ್ಲಿ ಕಾಯಿಲ್‌ಗೆ ಐಸ್ ಕಟ್ಟುತ್ತದೆ, ಹೀಟಿಂಗ್‌ನಲ್ಲಿ ಪ್ರೆಶರ್ ಏರಿ ಟ್ರಿಪ್ ಆಗುತ್ತದೆ.

ಆದರೆ ಡ್ಯಾಂಪರ್ ಹಿಡಿ ಕೈಗೆ ಸಿಗಬೇಕಲ್ಲ! ಫಾಲ್ಸ್ ಸೀಲಿಂಗ್ ಮುಚ್ಚಿದ ಪುಣ್ಯಾತ್ಮರು ಒಂದು ಕಿಂಡಿಯನ್ನೂ ಬಿಟ್ಟಿಲ್ಲ. ಕೊನೆಗೆ ಜಿಪ್ಸಂ ಕೊಯ್ದು ಒಂದೂವರೆ ಅಡಿ ಚೌಕದ ಬಾಗಿಲು ಕೂರಿಸಬೇಕಾಯಿತು. ಒಳಗೆ ನೋಡಿದರೆ ಫ್ಲೆಕ್ಸಿಬಲ್ ಡಕ್ಟ್ ಕೇರೆಹಾವಿನಂತೆ ಸುತ್ತಿ ಬಿದ್ದಿದೆ! ಹೆಚ್ಚಿನ ಉದ್ದ ಕತ್ತರಿಸಿ, ನೆಟ್ಟಗೆ ಎಳೆದು ಕಟ್ಟಿದ್ದರಿಂದ ಸಿಕ್ಕ ಗಾಳಿ ಡ್ಯಾಂಪರ್‌ನಿಂದ ಸಿಕ್ಕಿದ್ದಕ್ಕಿಂತ ಜಾಸ್ತಿ. ಇನ್ಸುಲೇಷನ್ ಹರಿದಲ್ಲಿ ಡಕ್ಟ್ ಬೆವರಿ ಸೀಲಿಂಗ್‌ಗೆ ಕಂದು ಕಲೆ ಬಿದ್ದಿತ್ತು. ಅದಕ್ಕೆ ಬಟ್ಟೆ ಟೇಪ್ ನಿಲ್ಲದು, ಅಲ್ಯೂಮಿನಿಯಂ ಫಾಯಿಲ್ ಟೇಪೇ ಆಗಬೇಕು.

ಇನ್ನೊಂದು, ಹೋದ ಗಾಳಿ ಮೆಷಿನ್‌ಗೆ ವಾಪಸ್ ಬರಬೇಕು. ರಿಟರ್ನ್ ಗ್ರಿಲ್ ಹಾಲ್‌ನಲ್ಲಿ ಮಾತ್ರ ಇದ್ದರೆ, ಕೋಣೆ ಬಾಗಿಲು ಹಾಕಿದೊಡನೆ ಗಾಳಿ ಕುಗ್ಗುತ್ತದೆ. ಬಾಗಿಲು ತೆರೆದು ಒಮ್ಮೆ, ಹಾಕಿ ಒಮ್ಮೆ ಅಳೆದರೆ ಗೊತ್ತಾಗುತ್ತದೆ. ಬಾಗಿಲ ಕೆಳಗೆ ಮುಕ್ಕಾಲು ಇಂಚು ಸಂದಿ ಬಿಡುವುದುಂಟು, ಸಣ್ಣ ಕೋಣೆಗೆ ಸರಿ. ಆದರೆ ನಮ್ಮ ಕಡೆ ಮರದ ಬಾಗಿಲು ಮಳೆಗೆ ಊದಿಕೊಂಡು ಆ ಸಂದಿಯೂ ಕಿರಿದಾಗುತ್ತದೆ. ಗೋಡೆಯಲ್ಲಿ ಗಾಳಿಯನ್ನು ಕೋಣೆಯಿಂದ ಹಾಲ್‌ಗೆ ದಾಟಿಸುವ ಒಂದಡಿ ಚೌಕದ ಟ್ರಾನ್ಸ್‌ಫರ್ ಗ್ರಿಲ್ ಹಾಕಿಸುವುದೇ ವಾಸಿ.

ಬಿಸಿಗಾಳಿ ಮೇಲೇರುವುದರಿಂದ ಡಿಸೆಂಬರ್‌ನಲ್ಲಿ ಮಹಡಿಯ ಡ್ಯಾಂಪರ್ ತಗ್ಗಿಸಿ, ಗ್ರಿಲ್ ರೆಕ್ಕೆ ಕೆಳಮುಖ ಮಾಡಬೇಕು. ಮಾರ್ಚ್‌ನಲ್ಲಿ ಮತ್ತೆ ತೆರೆಯಬೇಕು. ಹಿಡಿಯ ಪಕ್ಕ ಮಾರ್ಕರ್‌ನಲ್ಲಿ ಕೆಂಪು, ನೀಲಿ ಗೆರೆ ಎಳೆದಿಟ್ಟರೆ ಎರಡು ನಿಮಿಷದ ಕೆಲಸ.

ಹೊಸ ಮನೆ ಕಟ್ಟಿಸುವವರು ಕಿಂಡಿ, ರಿಟರ್ನ್ ಎರಡನ್ನೂ ಕೊಟೇಶನ್‌ನಲ್ಲೇ ಬರೆಸಿಕೊಂಡು ತಗೊಳ್ಳಿ. ಸೀಲಿಂಗ್ ಇಲ್ಲದ ಹಂಚಿನ ಮನೆಯಾದರೆ ಡಕ್ಟ್ ಏಸಿ ಬೇಡ. ಬಿಸಿಯೆಲ್ಲ ಹಂಚಿನ ಸಂದಿಯಲ್ಲಿ ಹೋಗುತ್ತದೆ. ಮಲಗುವ ಕೋಣೆಗೊಂದು ಸೀಲಿಂಗ್ ಹೊಡೆಸಿ ಸ್ಪ್ಲಿಟ್ ಹಾಕಿಸಿದರೆ ಸಾಕು.