ಪೈಲ್ಸ್ ಆಪರೇಷನ್ ನಂತರದ ನೋವು: ಟ್ರಮಡಾಲ್, ಪ್ಯಾರಾಸಿಟಮಾಲ್, ಮುಲಾಮು, ಯಾವುದು ಯಾವಾಗ?

ಪೈಲ್ಸ್ ಕತ್ತರಿಸಿ ತೆಗೆದ ಮೇಲೆ ಬರುವ ನೋವಿಗೆ ಎರಡು ಕಾರಣ. ಒಂದು, ಹಸಿ ಗಾಯ. ಇನ್ನೊಂದು, ಗುದದ ಒಳಸ್ನಾಯು ಬಿಗಿದುಕೊಳ್ಳುವುದು. ಮಲ ಹೋದ ಮೇಲೂ ಗಂಟೆಗಟ್ಟಲೆ ಹಿಂಡುವ ನೋವು ಹೆಚ್ಚಾಗಿ ಈ ಎರಡನೆಯದೇ. ಆದ್ದರಿಂದ ಔಷಧಿಗಳನ್ನು ತೂಗಿ ನೋಡುವಾಗ ನೋವು ಎಷ್ಟು ತಗ್ಗಿತು ಅನ್ನುವುದರ ಜೊತೆಗೆ ನಾಳಿನ ಮಲವಿಸರ್ಜನೆ ಸಲೀಸಾಗುತ್ತದೋ ಕಷ್ಟವಾಗುತ್ತದೋ ಎಂದೂ ಕೇಳಬೇಕು.

ಆ ಲೆಕ್ಕದಲ್ಲಿ ಅಫೀಮು ಬಗೆಯ (ಓಪಿಯಾಯ್ಡ್) ನೋವಿನ ಮಾತ್ರೆಯಾದ ಟ್ರಮಡಾಲ್ ಹಿಂದೆ ಬೀಳುತ್ತದೆ. 50 ಮಿಲಿಗ್ರಾಂ ಮಾತ್ರೆಯಾಗಲಿ, 37.5 ಟ್ರಮಡಾಲ್ ಜೊತೆ 325 ಪ್ಯಾರಾಸಿಟಮಾಲ್ ಸೇರಿದ ಅಲ್ಟ್ರಾಸೆಟ್ ಆಗಲಿ, ನೋವು ತಗ್ಗಿಸುವುದು ನಿಜ. ಆದರೆ ಕರುಳಿನ ಚಲನೆಯೂ ನಿಧಾನವಾಗುತ್ತದೆ. ಮಲ ಗಟ್ಟಿಯಾಗಿ ಹಸಿ ಗಾಯವನ್ನು ಉಜ್ಜಿಕೊಂಡು ಬಂದರೆ, ಉಳಿಸಿದ ನೋವಿಗಿಂತ ಹೆಚ್ಚಿನ ನೋವು ವಾಪಸ್ ಬರುತ್ತದೆ. ವಾಕರಿಕೆ, ತಲೆಸುತ್ತು, ಮೂತ್ರ ಕಟ್ಟುವುದು ಬೇರೆ. ಫಿಟ್ಸ್ ಇರುವವರು, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಇದನ್ನು ಮುಟ್ಟಬಾರದು. ಮೊದಲ ಎರಡು ಮೂರು ದಿನ, ಉಳಿದದ್ದು ಸಾಲದಾದಾಗ ಮಾತ್ರ, ಅದೂ ಮಲ ಮೆತ್ತಗಾಗಿಸುವ ಔಷಧಿ ಜೊತೆಗಿದ್ದರೆ ಸರಿ.

ಬುನಾದಿ ಆಗಬೇಕಾದದ್ದು ಪ್ಯಾರಾಸಿಟಮಾಲ್. ಮಲಬದ್ಧತೆ ತರುವುದಿಲ್ಲ, ಹೊಟ್ಟೆ ಉರಿಸುವುದಿಲ್ಲ. ಇದು ಸಾಲಲಿಲ್ಲ ಅನ್ನುವವರಲ್ಲಿ ಅನೇಕರು ನೋವು ಏರಿದ ಮೇಲೆ ಒಂದೊಂದು ನುಂಗುತ್ತಿರುತ್ತಾರೆ. ನೋವಿರಲಿ ಬಿಡಲಿ, 6 ಗಂಟೆಗೊಮ್ಮೆ ತಪ್ಪದೆ ತೆಗೆದುಕೊಂಡಾಗಲೇ ಇದರ ಬೆಲೆ ಗೊತ್ತಾಗುವುದು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. ಲಿವರ್ ತೊಂದರೆ ಇದ್ದರೆ, ಕುಡಿತ ಇದ್ದರೆ, ತೂಕ 50 ಕೆಜಿಗಿಂತ ಕಡಿಮೆ ಇದ್ದರೆ ಅದಕ್ಕಿಂತ ಕಡಿಮೆ.

ಐಬುಪ್ರೊಫೆನ್ 400, ಡೈಕ್ಲೊಫೆನಾಕ್ 50, ಅಸೆಕ್ಲೊಫೆನಾಕ್ 100 ಊತವನ್ನೂ ಇಳಿಸುವುದರಿಂದ ಒಂದು ಮೆಟ್ಟಿಲು ಮೇಲೆ. ಪ್ಯಾರಾಸಿಟಮಾಲ್ ಜೊತೆ ಇವುಗಳಲ್ಲಿ ಒಂದು, ಒಂದೇ ಒಂದು, ಸೇರಿದರೆ ಹೆಚ್ಚಿನವರಿಗೆ ಟ್ರಮಡಾಲ್ ಬೇಕೇ ಆಗುವುದಿಲ್ಲ. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು, ಹೃದ್ರೋಗ ಇರುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಈ ಗುಂಪು ಬೇಡ. ಇನ್ನೊಂದು ಎಡವಟ್ಟು ಚೀಟಿಯಲ್ಲೇ ಇರುತ್ತದೆ: ಅಸೆಕ್ಲೊಫೆನಾಕ್ ಇರುವ ಜೀರೋಡಾಲ್‌-ಪಿಯಲ್ಲಿ ಆಗಲೇ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದೆ. ಅದರ ಮೇಲೆ ಡೋಲೋ 650, ಮಧ್ಯೆ ಅಲ್ಟ್ರಾಸೆಟ್ ಬಂದರೆ ಒಂದೇ ಔಷಧಿ ಮೂರು ಹೆಸರಲ್ಲಿ ಹೊಟ್ಟೆ ಸೇರುತ್ತದೆ. ಸ್ಟ್ರಿಪ್‌ನ ಹಿಂದೆ ಬರೆದದ್ದನ್ನು ಕೂಡಿಸಿ ನೋಡಿ.

ಮುಲಾಮುಗಳಲ್ಲಿ ಜಾಗವನ್ನು ಮರಗಟ್ಟಿಸುವ ಲಿಗ್ನೊಕೇನ್‌ಗೆ ಹೆಸರು ಜಾಸ್ತಿ, ಬಾಳಿಕೆ ಕಡಿಮೆ. ಶೌಚಕ್ಕೆ ಹೋಗುವ 10 ನಿಮಿಷ ಮೊದಲು ಹಚ್ಚಿಕೊಂಡರೆ ಆ ಹೊತ್ತನ್ನು ದಾಟಿಸುತ್ತದೆ, ಅಷ್ಟೇ. ಬಿಗಿದ ಸ್ನಾಯುವನ್ನು ಸಡಿಲಿಸುವುದು 2% ಡಿಲ್ಟಿಯಾಜೆಮ್. ಬಟಾಣಿ ಗಾತ್ರದಷ್ಟು, ದಿನಕ್ಕೆ ಎರಡು ಮೂರು ಸಲ, ಗುದದ ಅಂಚಿಗೆ. ಕೆಲವರಿಗೆ ತುರಿಕೆ ಬರುತ್ತದೆ. 0.2% ನೈಟ್ರೋಗ್ಲಿಸರಿನ್ ಮಾಡುವುದೂ ಇದೇ ಕೆಲಸ, ಆದರೆ ತಲೆ ಸಿಡಿಯುವಂಥ ನೋವು ಬಂದು ಅರ್ಧಕ್ಕೇ ಬಿಡುವವರು ಬಹಳ. ವಯಾಗ್ರಾ ಬಗೆಯ ಮಾತ್ರೆ ತೆಗೆದುಕೊಂಡವರು ನೈಟ್ರೋಗ್ಲಿಸರಿನ್ ಹಚ್ಚಿದರೆ ಬಿಪಿ ಅಪಾಯಕಾರಿಯಾಗಿ ಕುಸಿಯಬಹುದು. ಎರಡರಲ್ಲಿ ಆಯ್ಕೆ ಇದ್ದರೆ ಡಿಲ್ಟಿಯಾಜೆಮ್ಮೇ ವಾಸಿ. ಗುದದ ಸೀಳುಗಾಯ, ಅಂದರೆ ಫಿಶರ್‌ಗಾಗಿ ಆ ಸ್ನಾಯುವನ್ನೇ ಸ್ವಲ್ಪ ಕೊಯ್ದಿದ್ದರೆ ಎರಡರಿಂದಲೂ ಹೆಚ್ಚಿನ ಲಾಭವಿಲ್ಲ. ಹಸಿ ಗಾಯಕ್ಕೆ ಯಾವಾಗಿನಿಂದ ಹಚ್ಚಬಹುದೆಂದು ಸರ್ಜನ್‌ರನ್ನೇ ಕೇಳಿ.

ಮೆಟ್ರೊನಿಡಜೋಲ್ ನೋವಿನ ಮಾತ್ರೆ ಅಲ್ಲ, ಆಂಟಿಬಯಾಟಿಕ್; ಆದರೂ ಪೈಲ್ಸ್ ಆಪರೇಷನ್ ನಂತರ ನೋವು ತಗ್ಗಿಸುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. 400 ಮಿಲಿಗ್ರಾಂ, ದಿನಕ್ಕೆ ಮೂರು ಸಲ, 5ರಿಂದ 7 ದಿನ ಕೊಡುವುದು ರೂಢಿ. ಬಾಯೆಲ್ಲ ಲೋಹದ ರುಚಿ; ಮದ್ಯ ಪೂರ್ತಿ ನಿಷಿದ್ಧ; ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ರಕ್ತಸ್ರಾವದ ಭಯ.

ಮಲ ಮೆತ್ತಗಾಗಿಸಲು ಇಸಬ್ಗೋಲ್‌ಗಿಂತ ಲ್ಯಾಕ್ಟುಲೋಸ್ ಸಿರಪ್ ನಂಬಿಕಸ್ಥ, ಟ್ರಮಡಾಲ್ ನಡೆಯುತ್ತಿದ್ದರಂತೂ ಖಂಡಿತ. ಇಸಬ್ಗೋಲ್‌ಗೆ ಲೋಟ ತುಂಬ ನೀರು ಬೇಕು, ಇಲ್ಲವಾದರೆ ಅದೇ ಗಟ್ಟಿಯಾಗಿ ಕೂರುತ್ತದೆ. ಲ್ಯಾಕ್ಟುಲೋಸ್ 15ರಿಂದ 30 ಎಂಎಲ್, ಹೊಟ್ಟೆ ಉಬ್ಬರಿಸಿದರೆ ಸ್ವಲ್ಪ ಕಡಿಮೆ. ಕೆಲಸ ಶುರುವಾಗಲು ಒಂದೆರಡು ದಿನ ಹಿಡಿಯುವುದರಿಂದ ಆಪರೇಷನ್ ದಿನವೇ ಆರಂಭವಾಗಬೇಕು. ಉಗುರುಬೆಚ್ಚಗಿನ ನೀರಿನ ಟಬ್‌ನಲ್ಲಿ 10-15 ನಿಮಿಷ ಕೂರುವುದಕ್ಕೆ ಔಷಧಿಯಷ್ಟೇ ಬೆಲೆ, ಮುಖ್ಯವಾಗಿ ಮಲ ಹೋದ ಕೂಡಲೇ.

ಆಪರೇಷನ್ ಹೊತ್ತಲ್ಲಿ ಕೊಟ್ಟ ಜಾಗವನ್ನು ಮರಗಟ್ಟಿಸುವ ಬ್ಯುಪಿವಕೇನ್ ಇಂಜೆಕ್ಷನ್ ಅಂದಿನ ಕೆಲವು ಗಂಟೆ ಮಾತ್ರ ಕಾಯುತ್ತದೆ. 'ನೋವೇ ಇಲ್ಲವಲ್ಲ' ಎಂದು ಮಾತ್ರೆ ಬದಿಗಿಟ್ಟವರಿಗೆ ಆ ರಾತ್ರಿ ದೊಡ್ಡದಾಗುತ್ತದೆ. ಮರಗಟ್ಟಿರುವಾಗಲೇ ಮೊದಲ ಮಾತ್ರೆ ಹೊಟ್ಟೆಯಲ್ಲಿರಬೇಕು. ಜ್ವರ ಬಂದರೆ, ಮೂತ್ರ ಕಟ್ಟಿದರೆ, ಇಳಿಯುತ್ತಿದ್ದ ನೋವು ಮತ್ತೆ ಏರಿದರೆ, ವಾರ ಹತ್ತು ದಿನದ ಹೊತ್ತಿಗೆ ರಕ್ತ ಧಾರಾಕಾರ ಬಂದರೆ ಮಾತ್ರೆ ಬದಲಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಿ.