ನಿಂತ ದೋಣಿಯ ಬ್ಯಾಟರಿ: ಬಿಚ್ಚಿಡುವುದೋ, ಚಾರ್ಜರ್ ಹಾಕುವುದೋ, ಸೌರಫಲಕವೋ?

ವರ್ಷದಲ್ಲಿ ನಾಲ್ಕು ತಿಂಗಳು ನನ್ನ ದೋಣಿ ಕಟ್ಟಿದಲ್ಲೇ ಇರುತ್ತದೆ. ಮೊದಲ ವರ್ಷ ಬ್ಯಾಟರಿಯ ಗೊಡವೆಗೇ ಹೋಗಲಿಲ್ಲ. ಮರಳಿ ಬಂದು ನೋಡಿದರೆ ವೋಲ್ಟೇಜ್ 10.8ಕ್ಕೆ ಇಳಿದಿತ್ತು. ಬ್ಯಾಟರಿಯೊಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಎಷ್ಟು ಚಾರ್ಜ್ ಮಾಡಿದರೂ ಅದು ಚೇತರಿಸಿಕೊಳ್ಳಲಿಲ್ಲ. ಆಮೇಲೆ ಮೂರು ವರ್ಷ ಮೂರು ಉಪಾಯ ಮಾಡಿ ನೋಡಿದೆ.

ಬಿಚ್ಚಿ ಮನೆಗೆ ತರುವುದು ಎಲ್ಲಕ್ಕಿಂತ ಸರಳ. ತುಂಬಿದ ಬ್ಯಾಟರಿ 12.7 ವೋಲ್ಟ್ ತೋರಿಸುತ್ತಿತ್ತು. ತಂಪಾದ ಜಾಗದಲ್ಲಿಟ್ಟು, 12.4ಕ್ಕೆ ಇಳಿಯುವ ಮುನ್ನ ಮತ್ತೆ ಚಾರ್ಜ್ ಮಾಡಿದೆ. ಬ್ಯಾಟರಿಗೆ ಏನೂ ಆಗಲಿಲ್ಲ, ಆಗಿದ್ದು ದೋಣಿಗೆ. ದೋಣಿಯ ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಬಿಲ್ಜ್ ಪಂಪ್ ವಿದ್ಯುತ್ ಇಲ್ಲದೆ ಓಡುವುದುಂಟೇ? ಒಂದು ವಾರದ ಮಳೆಗೆ ಒಳಗಿನ ಹಲಗೆಗಳು ನೆನೆದು ಹೋದವು. ನೀರಿನಲ್ಲಿ ನಿಲ್ಲುವ ದೋಣಿಗೆ ಈ ದಾರಿ ಬೇಡವೇ ಬೇಡ.

ಅದರ ಮರುವರ್ಷ ದಡದ ವಿದ್ಯುತ್ತಿಗೆ ಚಾರ್ಜರ್ ಜೋಡಿಸಿದೆ. ಹಳೆಯ ಚಾರ್ಜರ್ ತಾನಾಗಿ ವೋಲ್ಟೇಜ್ ತಗ್ಗಿಸುತ್ತಿರಲಿಲ್ಲ. ಬ್ಯಾಟರಿಯ ನೀರು ಅನಿಲವಾಗಿ ಹೋಗಿ ಒಳಗಿನ ಫಲಕಗಳ ಮೇಲಂಚು ಹೊರಗೆ ಕಾಣತೊಡಗಿತು. ತುಂಬಿದ ಮೇಲೆ 13.5ರ ಆಸುಪಾಸಿಗೆ ಇಳಿಯುವ ಚಾರ್ಜರ್ ತಂದ ಮೇಲೆ ಆ ಕಾಟ ತಪ್ಪಿತು. ಆದರೆ ದೋಣಿಯ ಬೇರೆ ಲೋಹ ಉಳಿಯಲೆಂದು ತಾನು ಸವೆಯುವ ಸತುವಿನ ತುಂಡು, ಅಂದರೆ ಆನೋಡ್, ಎಂದಿಗಿಂತ ಬೇಗ ಸವೆಯಿತು. ದಡದ ಅರ್ಥಿಂಗ್ ತಂತಿ ಪಕ್ಕದ ದೋಣಿಗಳ ಲೋಹವನ್ನೂ ನಮ್ಮ ಲೋಹವನ್ನೂ ಒಂದೇ ಸರ್ಕ್ಯೂಟಿಗೆ ಸೇರಿಸುತ್ತದೆ. ಆ ತಂತಿಯಲ್ಲಿ ಹರಿಯುವ ಇಂಥ ಸಣ್ಣ ಕರೆಂಟನ್ನು ತಡೆಯುವ ಗ್ಯಾಲ್ವಾನಿಕ್ ಐಸೊಲೇಟರ್ ಇಲ್ಲದೆ ತಿಂಗಳುಗಟ್ಟಲೆ ಜೋಡಿಸಿಡಬಾರದು ಎಂದು ನನಗೆ ತಿಳಿದದ್ದು ಆಗಲೇ.

ಈಗ ಇರುವುದು 20 ವಾಟ್‌ನ ಸೌರಫಲಕ, ಜೊತೆಗೆ ಚಾರ್ಜನ್ನು ಹತೋಟಿಯಲ್ಲಿಡುವ ಪುಟ್ಟ ಕಂಟ್ರೋಲರ್. ನನ್ನ 100 ಆಂಪಿಯರ್-ಅವರ್ ಬ್ಯಾಟರಿ ತಾನಾಗಿ ಕಳೆದುಕೊಳ್ಳುವುದು ತಿಂಗಳಿಗೆ ಐದು ಆಂಪಿಯರ್-ಅವರ್‌ನಷ್ಟು. ಒಳ್ಳೆಯ ಬಿಸಿಲಿದ್ದರೆ ಅಷ್ಟನ್ನು ಫಲಕ ಒಂದೆರಡು ದಿನದಲ್ಲೇ ತುಂಬಿಕೊಡುತ್ತದೆ. ಉಳಿದದ್ದೆಲ್ಲ ಪಂಪಿಗೆ. ಕಂಟ್ರೋಲರಿಗೆ ಮೊದಲು ಬ್ಯಾಟರಿಯ ತಂತಿ, ನಂತರ ಫಲಕದ ತಂತಿ ಜೋಡಿಸಬೇಕು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ಇದರ ಶತ್ರುಗಳು ಎರಡೇ: ಹಕ್ಕಿಗಳ ಹಿಕ್ಕೆ ಮತ್ತು ಪಟಸ್ತಂಭದ ನೆರಳು. ಫಲಕದ ಮೂಲೆಗೆ ನೆರಳು ಬಿದ್ದರೂ ಕರೆಂಟ್ ಕುಸಿಯುತ್ತದೆ. ಆದ್ದರಿಂದ ಜಾಗ ಆರಿಸಲು ಒಂದಿಡೀ ದಿನ ಕೂತು ನೆರಳು ಸರಿಯುವುದನ್ನು ನೋಡಿದೆ.

ನೀರಿನಲ್ಲಿರುವ ದೋಣಿಗೆ ನನ್ನ ಆಯ್ಕೆ ಸೌರಫಲಕವೇ. ದಡಕ್ಕೆ ಎಳೆದಿಟ್ಟ ವರ್ಷ ಮಾತ್ರ ಬ್ಯಾಟರಿ ಬಿಚ್ಚಿ ತರುತ್ತೇನೆ. ಇದೆಲ್ಲ ಸೀಸ-ಆಮ್ಲದ ಬ್ಯಾಟರಿಯ ಮಾತು. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಸದೆ, ಅರ್ಧದಷ್ಟು ಚಾರ್ಜಿನಲ್ಲಿ ಇಡುವುದೇ ಅದಕ್ಕೆ ಹಿತ.