ಲೈಬ್ರರಿ ಇಲ್ಲ ಅಂದಾಗ: ಡೆಬಿಯನ್, ಫೆಡೋರಾ, ಫ್ರೀಬಿಎಸ್‌ಡಿ

ಹಳೆಯ ಪ್ರಿಂಟರ್ ನಡೆಸಲು ವಿಂಡೋಸ್ ಬದಲಿನ ಮೂರು ಪುಕಟ್ ಸಿಸ್ಟಮ್ ಹಾಕಿ ನೋಡಿ, ನಾನು ಡೆಬಿಯನ್‌ನಲ್ಲೇ ಉಳಿದೆ. (ಡೆಬಿಯನ್, ಫೆಡೋರಾ ಲಿನಕ್ಸಿನ ಎರಡು ಬಗೆ, ಫ್ರೀಬಿಎಸ್‌ಡಿ ಲಿನಕ್ಸ್ ಅಲ್ಲದ ಇನ್ನೊಂದು.) ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಇಷ್ಟು ಸಾಕು. ಉಳಿದವರಿಗೆ ನಾನು ಪಟ್ಟ ಪಾಡು ಹೇಳುತ್ತೇನೆ.

ಗದಗಿನಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಆಗಾಗ ಬೆಟಗೇರಿಯ ನೇಕಾರರ ಸೀರೆ ಡಬ್ಬಿಗೆ ಅಂಟಿಸುವ ಚೀಟಿ. ಹಳೆಯ ಕಂಪ್ಯೂಟರ್ ಕೈಕೊಟ್ಟಾಗ ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದೆ. ವಿಂಡೋಸ್ ಇರಲಿಲ್ಲ, ಅದಕ್ಕೇ ಸೋವಿ. "ಲಿನಕ್ಸ್ ಹಾಕ್ಕೋರಿ ಸರ, ಎಲ್ಲಾ ಪುಕಟ್" ಅಂದ ಅಂಗಡಿಯವ. ಪುಕಟ್ ಏನೋ ಹೌದು, ಆದರೆ ನನ್ನ ಹಳೆಯ ಲೇಸರ್ ಪ್ರಿಂಟರ್ ಒಪ್ಪಬೇಕಲ್ಲ. ಹತ್ತು ದಿನದಲ್ಲಿ ಮೂರು ಸಿಸ್ಟಮ್ ಹಾಕಿದೆ, ತೆಗೆದೆ. ಅದೂ ಬಸವ ಜಯಂತಿಯ ಮುಂಚೆ, ಪತ್ರಿಕೆ ಮಾಡಿಸುವವರು ಬಾಗಿಲಲ್ಲಿ ನಿಂತಿರುವಾಗ.

ಮೊದಲು ಹಾಕಿದ್ದು 2025ರಲ್ಲಿ ಬಂದ ಡೆಬಿಯನ್ 13. ಪ್ರಿಂಟರ್ ಕಂಪನಿಯ ಡ್ರೈವರ್ ಇಳಿಸಿಕೊಂಡೆ, ಇನ್‌ಸ್ಟಾಲ್ ಆಯಿತು. ಅದರ ಒಳಗಿನ ಪ್ರೋಗ್ರಾಂ ಓಡಿಸಿದರೆ ಒಂದೇ ಮಾತು: ಅಂಥ ಫೈಲೂ ಇಲ್ಲ, ಫೋಲ್ಡರೂ ಇಲ್ಲ. ಅರೆ, ಫೈಲು ಕಣ್ಣ ಮುಂದೇ ಇದೆ! ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡ್ ಹೊಡೆದರೆ ಕಾಣುತ್ತದೆ, ಓಡಿಸುವ ಪರ್ಮಿಷನ್ನೂ ಇದೆ. ಎರಡು ಸಲ ತೆಗೆದು ಹಾಕಿದೆ, ಮತ್ತೆ ಅದೇ. ಯಾವ ಲೈಬ್ರರಿ (ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಕೋಡಿನ ಫೈಲು) ಬೇಕೆಂದು ತಿಳಿಯಲು ಎಲ್‌ಡಿಡಿ ಕಮಾಂಡ್ ಕೇಳಿದರೆ ಅದು ಇನ್ನೊಂದು ಸುಳ್ಳು ಹೇಳಿತು: ಈ ಪ್ರೋಗ್ರಾಮಿಗೆ ಹೊರಗಿನ ಲೈಬ್ರರಿಗಳ ಸಂಬಂಧವೇ ಇಲ್ಲವಂತೆ. ಆ ರಾತ್ರಿ ಸಿಟ್ಟಿನಲ್ಲಿ ಡೆಬಿಯನ್ ಅಳಿಸಿಬಿಟ್ಟೆ.

ನಿಜ ಸಂಗತಿ ಗೊತ್ತಾಗಿದ್ದು ಆಮೇಲೆ. 64-ಬಿಟ್ ಎಂದು ಹೆಸರಿಟ್ಟ ಆ ಡ್ರೈವರಿನೊಳಗೆ ಕೂತಿದ್ದ ಪ್ರೋಗ್ರಾಂ 32-ಬಿಟ್‌ದು, ಅಂದರೆ ಹಳೆಯ ಪೀಳಿಗೆಯ ಕಂಪ್ಯೂಟರಿಗೆ ಮಾಡಿದ್ದು. ಲಿನಕ್ಸ್‌ನಲ್ಲಿ ಹೊರಗಿನ ಲೈಬ್ರರಿ ಬೇಕಾದ ಪ್ರೋಗ್ರಾಂ ತಾನಾಗಿ ಏಳುವುದಿಲ್ಲ, ಅದನ್ನು ಎಬ್ಬಿಸಿ ಲೈಬ್ರರಿಗಳನ್ನು ಜೋಡಿಸಿಕೊಡುವ ಲೋಡರ್ ಒಂದಿರುತ್ತದೆ. 32-ಬಿಟ್ ಲೋಡರ್ ಹೊಸ ಸಿಸ್ಟಮ್‌ನಲ್ಲಿ ಇರಲೇ ಇಲ್ಲ. ‘ಇಲ್ಲ’ ಅಂದದ್ದು ಆ ಲೋಡರಿಗೆ. ಹೆಸರು ಹೇಳಿದ್ದು ಮಾತ್ರ ನನ್ನ ಫೈಲಿನದು. ಮನೆ ಕೀಲಿ ಇರುವವ ಊರಲ್ಲಿಲ್ಲ ಎಂದು, ಮನೆಯೇ ಇಲ್ಲ ಅಂದ ಹಾಗೆ. ‘ಫೈಲ್’ ಅನ್ನುವ ಕಮಾಂಡಿಗೆ ಆ ಪ್ರೋಗ್ರಾಂ ತೋರಿಸಿದ್ದರೆ 32-ಬಿಟ್ ಎಂದೂ, ಯಾವ ಲೋಡರ್ ಬೇಕೆಂದೂ ಒಂದೇ ಸಾಲಿನಲ್ಲಿ ಬರುತ್ತಿತ್ತು. ಹತ್ತು ಸೆಕೆಂಡಿನ ಕೆಲಸ. ನಾನು ಕಳೆದದ್ದು ಎರಡು ರಾತ್ರಿ.

ಇದನ್ನು ನನಗೆ ತಿಳಿಸಿದ್ದು, ತಮಾಷೆಯೆಂದರೆ, ಫ್ರೀಬಿಎಸ್‌ಡಿ. ಹಟಕ್ಕೆ ಬಿದ್ದು ಒಂದು ಸಂಜೆ ಅದನ್ನೂ ಹಾಕಿದ್ದೆ. ಅದೇ ಲಿನಕ್ಸ್ ಪ್ರೋಗ್ರಾಂ ಓಡಿಸಿದರೆ ಇಂಥ ಜಾಗದ, ಇಂಥ ಹೆಸರಿನ ಇಂಟರ್ಪ್ರಿಟರ್ (ಅಂದರೆ ಅದೇ ಲೋಡರ್) ಸಿಗಲಿಲ್ಲ ಎಂದು ನೇರವಾಗಿ ಹೇಳಿತು. ಪ್ರಾಮಾಣಿಕ ಪ್ರಾಣಿ. ಆದರೆ ಲಿನಕ್ಸಿನ ಪ್ರಿಂಟರ್ ಡ್ರೈವರನ್ನು ಅದರಲ್ಲಿ ಪಳಗಿಸುವಷ್ಟು ತಾಳ್ಮೆ ನನಗಿಲ್ಲ, ಗಿರಾಕಿಗಳಿಗಂತೂ ಇಲ್ಲವೇ ಇಲ್ಲ. "ಅಣ್ಣಾರ, ಪತ್ರಿಕಿ ಯಾವಾಗ ಕೊಡ್ತೀರಿ? ಹಂಚೋದಕ್ಕ ಊರೂರು ತಿರಗಬೇಕು" ಎಂದು ನರಗುಂದ ಕಡೆಯ ಹಿರಿಯರೊಬ್ಬರು ಬಂದು ಕೂತೇಬಿಟ್ಟಿದ್ದರು.

ಫೆಡೋರಾದ ಬಗ್ಗೆ ಹೊಟ್ಟೆಕಿಚ್ಚಿದೆ. ಲೈಬ್ರರಿ ಹುಡುಕುವುದರಲ್ಲಿ ಡೆಬಿಯನ್ ಅದರ ಹತ್ತಿರವೂ ಸುಳಿಯುವುದಿಲ್ಲ. ಲೈಬ್ರರಿ ಯಾವ ಪ್ಯಾಕೇಜಿನಲ್ಲಿ (ಇನ್‌ಸ್ಟಾಲ್ ಮಾಡುವ ಕಟ್ಟಿನಲ್ಲಿ) ಇದೆ ಎಂದು ಗೊತ್ತಿರಬೇಕಾಗಿಲ್ಲ. ಎರರ್‌ನಲ್ಲಿ ಬಂದ ‘ಲಿಬ್‌ಪಾಪ್ಟ್.ಎಸ್‌ಓ.0’ ಎಂಬ ಲೈಬ್ರರಿಯ ಹೆಸರನ್ನೇ ಫೆಡೋರಾದ ಡಿಎನ್‌ಎಫ್ ಇನ್‌ಸ್ಟಾಲ್ ಕಮಾಂಡಿನ ಮುಂದೆ ಬರೆದರೆ ಸರಿಯಾದ 32-ಬಿಟ್ ಪ್ಯಾಕೇಜನ್ನು ತಾನೇ ತರುತ್ತದೆ. ಡೆಬಿಯನ್‌ನಲ್ಲಿ ಇದಕ್ಕೆ ‘ಆ್ಯಪ್ಟ್-ಫೈಲ್’ ಎಂಬ ಹುಡುಕುವ ಪ್ರೋಗ್ರಾಂ ಬೇರೆ ಹಾಕಬೇಕು, ಅದರ ದೊಡ್ಡ ಪಟ್ಟಿ ಇಳಿಸಬೇಕು, ಆಮೇಲೆ ಹುಡುಕಬೇಕು.

ಹಾಗಿದ್ದೂ ಫೆಡೋರಾ ಬಿಟ್ಟೆ. ಅದು ಆರು ತಿಂಗಳಿಗೊಂದು ಹೊಸ ಆವೃತ್ತಿ ತರುತ್ತದೆ, ಒಂದೊಂದಕ್ಕೂ ಆಸರೆ ಸುಮಾರು 13 ತಿಂಗಳು. ನನ್ನ ಇಂಟರ್ನೆಟ್ಟು ಮೊಬೈಲಿನ ಹಾಟ್‌ಸ್ಪಾಟ್. ಅದಕ್ಕಿಂತ ಮುಖ್ಯವಾಗಿ, 32-ಬಿಟ್ ಲೈಬ್ರರಿಗಳನ್ನೇ ಕೈಬಿಡುವ ಪ್ರಸ್ತಾಪ 2025ರಲ್ಲಿ ಅಲ್ಲಿ ಬಂದು, ಗಲಾಟೆಯಾಗಿ ಹಿಂದಕ್ಕೆ ಹೋಯಿತು. ಇನ್ನೊಮ್ಮೆ ಬರುವುದಿಲ್ಲ ಎಂಬ ಗ್ಯಾರಂಟಿ ಯಾರು ಕೊಡುತ್ತಾರೆ? ಡೆಬಿಯನ್ 13 ಕೂಡ 32-ಬಿಟ್ ಯಂತ್ರಗಳಿಗೆ ಇನ್‌ಸ್ಟಾಲರ್ ಕೊಡುವುದು ನಿಲ್ಲಿಸಿದೆ. ಆದರೆ ಲೈಬ್ರರಿಗಳನ್ನು ಉಳಿಸಿದೆ, ನನ್ನಂಥ ಹಳೆಯ ಗಂಟು ಹೊತ್ತವರಿಗಾಗಿಯೇ. ಒಮ್ಮೆ ಸರಿಮಾಡಿದರೆ ಮೂರು ವರ್ಷ ಪೂರ್ತಿ ಆಸರೆ, ಅದರ ಮೇಲೆ ಎರಡು ವರ್ಷ ದೀರ್ಘಾವಧಿಯದು. ಹೊಸ ಪ್ರಿಂಟರ್ ಕೊಳ್ಳಲು ರೊಕ್ಕ ಇದ್ದಿದ್ದರೆ ಈ ಲೆಕ್ಕ ಬೇರೆಯೇ ಆಗುತ್ತಿತ್ತು.

ಹೀಗೆ ಡೆಬಿಯನ್‌ಗೇ ಮರಳಿದೆ. ಡೆಬಿಯನ್‌ನಲ್ಲಿ ಪ್ಯಾಕೇಜುಗಳನ್ನು ನೋಡಿಕೊಳ್ಳುವ ಡಿಪಿಕೆಜಿಗೆ ‘ಆ್ಯಡ್-ಆರ್ಕಿಟೆಕ್ಚರ್ ಐ386’ ಎಂದು (ಐ386 ಅಂದರೆ 32-ಬಿಟ್) ಹೇಳಿ, ಪಟ್ಟಿ ಅಪ್‌ಡೇಟ್ ಮಾಡಿ, ಆ ಲೋಡರ್ ಇರುವ 32-ಬಿಟ್ ‘ಲಿಬ್‌ಸಿ6’ ಹಾಕಿದೆ. ಎರರ್ ಬದಲಾಯಿತು! ಈಗ ಇಲ್ಲವಾದದ್ದು ಲಿಬ್‌ಪಾಪ್ಟ್ ಎಂದು ಹೆಸರು ಹಿಡಿದು ಹೇಳಿತು. ಅದನ್ನು ಹಾಕಲು ಹೋದರೆ ಆಗಲೇ ಇದೆ ಅಂತು. ಇದ್ದದ್ದು 64-ಬಿಟ್‌ದು. ಹೆಸರಿನ ಕೊನೆಗೆ ಕೋಲನ್ ಹಾಕಿ ಐ386 ಎಂದು ಸೇರಿಸಬೇಕಿತ್ತು. ಸೇರಿಸಿದೆ, ಪ್ರಿಂಟರ್ ಗುರ್ ಎಂದಿತು.

ಹಳೆಯ ಗೈಡುಗಳನ್ನು ನೋಡಿ ಮಾಡುವವರಿಗೆ ಒಂದು ಮಾತು. 2038ರ ಗಡಿಯಾರದ ಸಮಸ್ಯೆಗೆ (ಆಗ 32-ಬಿಟ್ ಸಮಯದ ಲೆಕ್ಕ ತುಂಬಿಹೋಗುತ್ತದೆ) ಪರಿಹಾರ ಮಾಡುವಾಗ ಡೆಬಿಯನ್‌ನವರು ಹಲವು ಪ್ಯಾಕೇಜುಗಳ ಹೆಸರಿಗೆ ‘ಟಿ64’ ಬಾಲ ಅಂಟಿಸಿದ್ದಾರೆ. ಹಳೆಯ ಹೆಸರು ಸಿಗದಿದ್ದರೆ ಬಾಲ ಹಚ್ಚಿ ನೋಡಿ. ಬೇರೆ ನಂಬರಿನ ಲೈಬ್ರರಿಗೆ ಹಳೆಯ ಹೆಸರಿನ ಲಿಂಕ್ ಕೊಟ್ಟು ಯಾಮಾರಿಸಲು ಮಾತ್ರ ಹೋಗಬೇಡಿ.

ಇನ್ನೊಂದು. ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ ಎರಡು ಕಮಾಂಡುಗಳಲ್ಲಿ ‘ಆ್ಯಪ್ಟ್’ ತಾನು ಇಳಿಸಿದ ಪ್ಯಾಕೇಜನ್ನು ಕೆಲಸ ಮುಗಿದ ಮೇಲೆ ಅಳಿಸುತ್ತದೆ, ‘ಆ್ಯಪ್ಟ್-ಗೆಟ್’ ಇಟ್ಟುಕೊಳ್ಳುತ್ತದೆ. ಹಾಗಾಗಿ ನಾನು ಎರಡನೆಯದನ್ನೇ ಬಳಸಿ, ಉಳಿದ ಫೈಲುಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡಿದ್ದೇನೆ. ಕಳೆದ ತಿಂಗಳು ಹಾವೇರಿಯ ಗೆಳೆಯನ ಅಂಗಡಿಯಲ್ಲಿ ಅದೇ ಪ್ರಿಂಟರ್, ಅದೇ ಡೆಬಿಯನ್, ಅದೇ ಗೋಳು. ಪೆನ್‌ಡ್ರೈವ್ ಹಚ್ಚಿದೆ. ಹೇಳಿದ್ದ ಚಹಾ ಬರುವುದರೊಳಗೆ ಮೊದಲ ಹಾಳೆ ಹೊರಬಿತ್ತು.